ಆರು ತಿಂಗಳ ಹೋಮ್ ಸ್ಟಡಿಗೆ ನಾವು ಕಾದಿದ್ದು 34 ತಿಂಗಳು

ಮಗುವನ್ನು ದತ್ತು ತಗೊಳ್ಳಬೇಕು ಅಂತ ಮೊದಲ ಫೋನ್ ಮಾಡಿದ್ದು 2016ರ ಫೆಬ್ರವರಿಯಲ್ಲಿ. ನಮ್ಮ ಫೈಲು ಭಾರತದಲ್ಲಿ ದತ್ತು ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ, ಅಂದರೆ ದೆಹಲಿಯ ಕಾರಾದ ಪೋರ್ಟಲಿಗೆ ಏರಿದ್ದು 2018ರ ಡಿಸೆಂಬರಿನಲ್ಲಿ. ನಡುವೆ 34 ತಿಂಗಳು. ಅಷ್ಟರಲ್ಲಿ ಮಗುವಿನ ಫೋಟೋ ನೋಡಿಲ್ಲ, ಹೆಸರು ಕೇಳಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ. 'ಇವರಿಬ್ಬರು ಅಪ್ಪ ಅಮ್ಮ ಆಗಬಹುದು' ಅಂತ ಹೇಳುವ, ಹೋಮ್ ಸ್ಟಡಿ ಅನ್ನೋ ಒಂದು ವರದಿ ತಯಾರಾಗೋಕೆ ಹಿಡಿದ ಕಾಲ ಅದು, ಅಷ್ಟೇ.

ನಾವಿರುವುದು ಇಂಗ್ಲೆಂಡಿನಲ್ಲಿ, ಲಂಡನ್ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಊರು. ಇಬ್ಬರದೂ ಭಾರತದ ಪಾಸ್‌ಪೋರ್ಟು. ಊರಿಗೆ ಹೋಗಿ ಮಗುವನ್ನು ದತ್ತು ತಗೊಂಡು ವಿಮಾನ ಹತ್ತಬಹುದು ಅಂತ ನಮ್ಮ ಕಡೆ ಇನ್ನೂ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಹಾಗಿಲ್ಲ. ಭಾರತ, ಬ್ರಿಟನ್ ಎರಡೂ 2003ರಿಂದ ಹೇಗ್ ಒಪ್ಪಂದದೊಳಗಿವೆ. ಮಕ್ಕಳ ಸಾಗಣೆ ಆಗಬಾರದು ಅಂತ ಮಾಡಿದ ಒಪ್ಪಂದ ಅದು. ಅದರ ಪ್ರಕಾರ ಅಪ್ಪ ಅಮ್ಮ ಆಗುವವರನ್ನು ಅವರು ವಾಸವಿರುವ ದೇಶವೇ ಮೊದಲು ತೂಗಿ ನೋಡಬೇಕು. ಇಲ್ಲಿ ಆಮೇಲೆ ಶಿಕ್ಷಣ ಇಲಾಖೆ ಅರ್ಹತಾ ಪತ್ರ ಕೊಡಬೇಕು. ಫೈಲು ಭಾರತಕ್ಕೆ ಹೋಗುವುದು ಅದಾದ ಮೇಲೆ.

ಈಗ ಕೆಲವು ಕನ್ನಡದವರು ನನ್ನ ನಂಬರು ಹುಡುಕಿಕೊಂಡು ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ದಿನ ಆಗುತ್ತೆ ಅಕ್ಕಾ?" ನಾನೂ ಅದನ್ನೇ ಕೇಳಿದ್ದೆ. ಸಿಕ್ಕ ಉತ್ತರ ಸುಳ್ಳಲ್ಲ. ಆದರೆ ಅದನ್ನು ನಂಬಿ ಲೆಕ್ಕ ಹಾಕಿದ್ದು ತಪ್ಪಾಯಿತು.

"ಆರು ತಿಂಗಳು" ಅಂದಿದ್ದರು. ಇಂಗ್ಲೆಂಡಿನಲ್ಲಿ ಅಸೆಸ್‌ಮೆಂಟಿಗೆ ಎರಡು ಹಂತ. ಮೊದಲನೆಯದರಲ್ಲಿ ಪೊಲೀಸ್ ತಪಾಸಣೆ, ವೈದ್ಯಕೀಯ ವರದಿ, ಪರಿಚಯದವರ ಸಾಕ್ಷ್ಯ, ಎರಡು ತಿಂಗಳು. ಎರಡನೆಯದರಲ್ಲಿ ಸೋಷಿಯಲ್ ವರ್ಕರ್ ಮನೆಗೆ ಬಂದು ಮಾತಾಡಿ ವರದಿ ಬರೆದು ಪ್ಯಾನೆಲಿನ, ಅಂದರೆ ಒಪ್ಪಿಗೆ ಕೊಡಬಹುದೇ ಅಂತ ನೋಡುವ ಸಮಿತಿಯ ಮುಂದೆ ಇಡುವುದು, ನಾಲ್ಕು ತಿಂಗಳು. ಒಟ್ಟು ಆರು. ಕಾಗದದ ಮೇಲೆ ಸರಿಯಾಗೇ ಇದೆ. ಆದರೆ ಈ ಗಡಿಯಾರ ತಿರುಗಲು ಶುರುವಾಗುವುದು ದತ್ತು ಏಜೆನ್ಸಿ ನಿಮ್ಮ ಅರ್ಜಿಯನ್ನು ಒಪ್ಪಿಕೊಂಡ ದಿನದಿಂದ. ಅರ್ಜಿ ಕೈಗೆ ಸಿಗುವ ಮುಂಚಿನ ಕಾಯುವಿಕೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ನಮ್ಮ ಮೊದಲ ಒಂದು ವರ್ಷ ಪೂರ್ತಿ ಕಳೆದಿದ್ದು ಈ ಲೆಕ್ಕಕ್ಕಿಲ್ಲದ ಜಾಗದಲ್ಲಿ.

ನಮ್ಮ ಕೌನ್ಸಿಲ್‌ನವರು, ಅಂದರೆ ಇಲ್ಲಿನ ಸ್ಥಳೀಯ ಆಡಳಿತದವರು, ಹೊರದೇಶದ ದತ್ತು ತಾವು ನೋಡುವುದಿಲ್ಲ ಅಂದು ಇನ್ನೊಂದು ಏಜೆನ್ಸಿಗೆ ಕಳಿಸಿದರು. ಅಲ್ಲಿ ಮಾಹಿತಿ ಸಭೆ ಜೂನಿನಲ್ಲಿ. ಸಭೆಯಾದ ಮೇಲೆ ತಯಾರಿ ಕೋರ್ಸು, ಅದೂ ವರ್ಷಕ್ಕೆ ಒಂದೋ ಎರಡೋ ಸಲ. ಸೆಪ್ಟೆಂಬರಿನದು ಭರ್ತಿ. ನಮಗೆ ಸಿಕ್ಕಿದ್ದು 2017ರ ಫೆಬ್ರವರಿ, ನಾಲ್ಕು ದಿನ. ಅವರನ್ನು ಪೂರ್ತಿ ದೂರುವುದಕ್ಕೂ ಮನಸ್ಸು ಬರುವುದಿಲ್ಲ. ಈ ದೇಶದಲ್ಲೇ ಮನೆಗಾಗಿ ಕಾಯುತ್ತಿರುವ ಮಕ್ಕಳಿದ್ದಾರೆ, ಇರುವ ಸಿಬ್ಬಂದಿ ಮೊದಲು ಓಡುವುದು ಅವರ ಕಡೆಗೆ. ಇಲ್ಲಿನ ಮಗುವನ್ನು ದತ್ತು ತಗೊಳ್ಳುವವರಿಗೆ ಅಸೆಸ್‌ಮೆಂಟು ಪುಕ್ಕಟೆ. ಹೊರದೇಶದ ಮಗುವಾದರೆ ಏಜೆನ್ಸಿಯ ಶುಲ್ಕ ನಮ್ಮದೇ, ಇಲಾಖೆಗೆ ಬೇರೆ ಶುಲ್ಕ, ನಮ್ಮ ಕಾಲಕ್ಕೆ ಅದು 1,975 ಪೌಂಡು ಇತ್ತು. ದುಡ್ಡು ಕೊಟ್ಟರೆ ಸಾಲು ಬೇಗ ಕರಗುತ್ತೆ ಅಂದುಕೊಂಡರೆ ಅದೂ ಇಲ್ಲ.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಹೇಳುವುದು: 'ಎಷ್ಟು ತಿಂಗಳು' ಅಂತ ಕೇಳಬೇಡಿ. ಮುಂದಿನ ಕೋರ್ಸು ಯಾವ ತಾರೀಕು, ಅದರಲ್ಲಿ ಸೀಟು ಇದೆಯಾ, ಹೊರದೇಶದ ದತ್ತು ನೋಡುವ ಸೋಷಿಯಲ್ ವರ್ಕರ್ ನಿಮ್ಮಲ್ಲಿ ಎಷ್ಟು ಜನ, ಪ್ಯಾನೆಲ್ ಎಷ್ಟು ದಿನಕ್ಕೊಮ್ಮೆ ಕೂರುತ್ತೆ ಅಂತ ಕೇಳಿ. ತಾರೀಕು ಕೇಳಿದರೆ ತಾರೀಕು ಸಿಗುತ್ತೆ. ತಿಂಗಳು ಕೇಳಿದರೆ ಸಮಾಧಾನ ಸಿಗುತ್ತೆ.

ಇದೇ ಹೊತ್ತಿಗೆ ಮೈಸೂರಿನಲ್ಲಿ ನನ್ನ ಚಿಕ್ಕಮ್ಮನ ಮಗಳೂ ದತ್ತಿಗೆ ಅರ್ಜಿ ಹಾಕಿದ್ದಳು. ಅವಳ ಕಥೆ ಹೇಳದೆ ನಮ್ಮ ಕಷ್ಟ ಅರ್ಥವಾಗುವುದಿಲ್ಲ. ಒಂದು ಭಾನುವಾರ ಗಂಡ ಹೆಂಡತಿ ಲ್ಯಾಪ್‌ಟಾಪ್ ಮುಂದೆ ಕೂತು ಪ್ಯಾನ್ ಕಾರ್ಡು, ಮದುವೆ ಪತ್ರ, ಆದಾಯ ಪತ್ರ ಎಲ್ಲ ಅಪ್‌ಲೋಡ್ ಮಾಡಿದರು. ಹೋಮ್ ಸ್ಟಡಿಗೆ 6,000 ರೂಪಾಯಿ ಕಟ್ಟಿದರು. ಯಾರೋ ಮನೆಗೆ ಬಂದು ಕಾಫಿ ಕುಡಿದು, ಎರಡು ಗಂಟೆ ಮಾತಾಡಿ ಹೋದರು. ಅವಳು ಸರತಿಗೆ ಸೇರಿದ್ದು ಆ ಭಾನುವಾರವೇ. ಭಾರತದಲ್ಲೇ ಇರುವವರಿಗೆ ಹಿರಿತನ ಲೆಕ್ಕವಾಗುವುದು ಕಾಗದ ಅಪ್‌ಲೋಡ್ ಮಾಡಿದ ದಿನದಿಂದ. ಹೋಮ್ ಸ್ಟಡಿ ಆಮೇಲೆ ಬಂದರೂ ನಡೆಯುತ್ತೆ. ಹೊರಗಿರುವ ನಮಗೆ ಹಾಗಲ್ಲ. ಹೋಮ್ ಸ್ಟಡಿ ವರದಿಯೂ ಸೇರಿ ಎಲ್ಲ ಕಾಗದ ಏರಿದ ಮೇಲಷ್ಟೇ ನಮ್ಮ ಸರತಿ ಶುರು. ಅವಳು ಸಾಲಿನಲ್ಲಿ ನಿಂತು ಕಾಯುತ್ತಿದ್ದಳು. ನಾವು ಸಾಲು ಸೇರೋಕೇ ಕಾಯುತ್ತಿದ್ದೆವು.

"ಅಕ್ಕಾ, ನಂಗೂ ಇನ್ನೂ ಎರಡು ವರ್ಷ ಆಗ್ಬಹುದಂತೆ, ನೀನೇನು ಬೇಜಾರು ಮಾಡ್ಕೋಬೇಡ" ಅಂತ ಸಮಾಧಾನ ಮಾಡಿದ್ದಳು ಪಾಪ. ಅವಳ ಎರಡು ವರ್ಷಕ್ಕೂ ನನ್ನ ಎರಡು ವರ್ಷಕ್ಕೂ ಇರುವ ವ್ಯತ್ಯಾಸ ಆಗ ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಇನ್ನು ಕಾಗದ. ನನ್ನ ಗಂಡ ತಿಪಟೂರಿನವರು, ಲೆಕ್ಕದಲ್ಲಿ ಅಚ್ಚುಕಟ್ಟು. ಕೋರ್ಸಿಗೆ ಕಾಯುವಾಗ ಸುಮ್ನೆ ಕೂರೋದು ಯಾಕೆ ಅಂತ 2016ರಲ್ಲೇ ಭಾರತದ ಪೊಲೀಸ್ ಕ್ಲಿಯರೆನ್ಸಿಗೆ ಅರ್ಜಿ ಹಾಕಿಬಿಟ್ಟರು. ಪಾಸ್‌ಪೋರ್ಟಿನಲ್ಲಿ ತಿಪಟೂರಿನ ವಿಳಾಸ. ಒಂದು ದಿನ ಪೇದೆಯೊಬ್ಬರು ಮಾವನವರ ಮನೆ ಬಾಗಿಲಿಗೆ ಬಂದು, "ನಿಮ್ಮ ಮಗನ ಮೇಲೆ ಏನಾದ್ರೂ ಕೇಸ್ ಇದೆಯಾ ಯಜಮಾನ್ರೇ?" ಅಂತ ಕೇಳಿದರಂತೆ. ಮಾವನವರಿಗೆ ನಾವು ಇನ್ನೂ ವಿಷಯ ತಿಳಿಸಿರಲಿಲ್ಲ. ಲಂಡನ್ನಿನಲ್ಲಿ ಮಗ ಏನು ಮಾಡಿಕೊಂಡನೋ ಅಂತ ಅಂಗಳದಲ್ಲಿ ಒಣಗುತ್ತಿದ್ದ ಕೊಬ್ಬರಿಯನ್ನು ಹಾಗೇ ಬಿಟ್ಟು ನಮಗೆ ಫೋನ್ ಮಾಡಿದರು. ನಾವು ದತ್ತು ತಗೊಳ್ಳುತ್ತಿದ್ದೇವೆ ಅಂತ ಅವರಿಗೆ ಗೊತ್ತಾಗಿದ್ದು ಹಾಗೆ, ಪೇದೆಯ ಮುಖಾಂತರ. ಮನೆಯವರಿಗೆ ನೀವೇ ಮೊದಲು ಹೇಳಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಅಷ್ಟೆಲ್ಲ ಆಗಿ ಬಂದ ಸರ್ಟಿಫಿಕೇಟು ಬೇಕಾದಾಗ ಕೆಲಸಕ್ಕೆ ಬರಲಿಲ್ಲ. 2018ರಲ್ಲಿ "ಇದು ತುಂಬ ಹಳೆಯದು, ಹೊಸದು ತನ್ನಿ" ಅಂದರು. ಮತ್ತೆ ಅರ್ಜಿ, ಮತ್ತೆ ಪೇದೆ. ಈ ಸಲ ಮಾವನವರು ಕಾಫಿ ಕೊಟ್ಟು ಕೂರಿಸಿದರಂತೆ.

ಆ ದಿನ ನನ್ನ ಗಂಡ ಫೈಲನ್ನು ಎರಡು ಭಾಗ ಮಾಡಿದರು. ಒಂದರ ಮೇಲೆ 'ಉಪ್ಪಿನಕಾಯಿ', ಇನ್ನೊಂದರ ಮೇಲೆ 'ಮೊಸರು' ಅಂತ ಬರೆದರು. ಮದುವೆ ಪತ್ರ, ಜನನ ಪತ್ರ, ಡಿಗ್ರಿ, ಹದಿನೆಂಟು ವರ್ಷದಿಂದ ಎಲ್ಲೆಲ್ಲಿ ವಾಸವಿದ್ದೆವು ಅನ್ನುವ ಪಟ್ಟಿ, ಇವೆಲ್ಲ ಉಪ್ಪಿನಕಾಯಿ. ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ, ಮೊದಲ ದಿನವೇ ಹಾಕಿಡಬಹುದು. ಪೊಲೀಸ್ ಪತ್ರ, ವೈದ್ಯಕೀಯ ವರದಿ, ಸಂಬಳದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು ಮೊಸರು. ಬಡಿಸುವ ಹೊತ್ತಿಗೆ ಹೆಪ್ಪು ಹಾಕಬೇಕು. ಬೇಗ ಮಾಡಿಟ್ಟರೆ ಹುಳಿ. ಅವರ ದುಬೈ ಪೊಲೀಸ್ ಪತ್ರ ಮಾತ್ರ ಎರಡಕ್ಕೂ ಸೇರಲಿಲ್ಲ. ಅಲ್ಲಿ ಎರಡು ವರ್ಷ ಕೆಲಸ ಮಾಡಿದ್ದ ತಪ್ಪಿಗೆ ಇಲ್ಲಿಂದ ಬೆರಳಚ್ಚು ಕೊಟ್ಟು ತರಿಸಬೇಕಾಯಿತು. ಮೊದಲ ಹಂತ ಎರಡು ತಿಂಗಳ ಬದಲು ಐದು ತಿಂಗಳು ಹಿಡಿದಿದ್ದು ಈ ಒಂದು ಕಾಗದದಿಂದ. ಮೂರನೇ ದೇಶದಲ್ಲಿ ಇದ್ದವರು, ಗಲ್ಫಿನಲ್ಲಿ ಇದ್ದವರು ಅಂತೂ ನಮ್ಮವರಲ್ಲಿ ಜಾಸ್ತಿ, ಆ ಪತ್ರಕ್ಕೆ ಎಷ್ಟು ದಿನ ಬೇಕು ಅಂತ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ.

ಉಪ್ಪಿನಕಾಯಿ ಪಟ್ಟಿಯಲ್ಲಿ ನನ್ನದೊಂದು ಜಾಡಿ ಖಾಲಿ ಇತ್ತು, ಜನನ ಪತ್ರ. ನಾನು ಹುಟ್ಟಿದ್ದು ಅಜ್ಜಿಯ ಹಳ್ಳಿಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಎಲ್ಲೂ ನೋಂದಣಿ ಇಲ್ಲ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿರುವ ತಾರೀಕೇ ನನ್ನ ಹುಟ್ಟಿದ ತಾರೀಕು. ಊರಿನಲ್ಲಿ ಯಾರನ್ನು ಕೇಳಿದರೂ ಅಷ್ಟು ಸಾಕು. ಇಲ್ಲಿನವರಿಗೆ ಪರೀಕ್ಷೆಯ ಅಂಕಪಟ್ಟಿ ತೋರಿಸಿ ಇದೇ ನನ್ನ ಜನನದ ದಾಖಲೆ ಅಂದರೆ ಹೇಗೆ ಒಪ್ಪುತ್ತಾರೆ? ಕಡೆಗೆ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಿ, ಆದೇಶ ತಗೊಂಡು, ತಡವಾದ ನೋಂದಣಿ ಮಾಡಿಸಿದೆವು. ನನ್ನ ತಮ್ಮ ನಾಲ್ಕು ಸಲ ಓಡಾಡಿದ.

ಆ ತಾರೀಕಿನ ಬಗ್ಗೆ ಇನ್ನೊಂದು ಮಾತಿದೆ. ಅಮ್ಮ ಹೇಳುವ ಪ್ರಕಾರ ನಾನು ಹುಟ್ಟಿದ್ದು 1975ರ ಯುಗಾದಿ ಕಳೆದು ಮೂರು ದಿನಕ್ಕೆ. ಸ್ಕೂಲಿಗೆ ಸೇರಿಸುವಾಗ ವಯಸ್ಸು ಸಾಲದು ಅಂತ ಹೆಡ್‌ಮಾಸ್ಟರು 1974ರ ನವೆಂಬರ್ 1 ಅಂತ ಬರೆದುಕೊಂಡರಂತೆ. ರಾಜ್ಯೋತ್ಸವದ ದಿನ, ನೆನಪಿಡೋಕೆ ಸುಲಭ. ನಮ್ಮ ಕ್ಲಾಸಿನಲ್ಲಿ ಇನ್ನೂ ಮೂವರು ಅದೇ ದಿನ ಹುಟ್ಟಿದ್ದರು. ಇದನ್ನು ನಾನು ನಗುತ್ತಾ ಎಲ್ಲರಿಗೂ ಹೇಳುತ್ತಿದ್ದೆ, 2018ರ ಡಿಸೆಂಬರಿನವರೆಗೆ.

ಹೋಮ್ ಸ್ಟಡಿಗೆ ಬಂದವರು ಐವತ್ತರ ಆಸುಪಾಸಿನ ಹೆಂಗಸು. ಅಷ್ಟರಲ್ಲಿ ಮೊದಲು ನೇಮಿಸಿದ್ದವರು ಕೆಲಸ ಬಿಟ್ಟು ಹೋಗಿ, ಅವರ ಜಾಗಕ್ಕೆ ಜನ ಸಿಗದೆ ಐದು ತಿಂಗಳು ಹೋಗಿತ್ತು. ಆ ಐದು ತಿಂಗಳು ನಾನು ಮಾಡಿದ್ದು ಎರಡೇ ಕೆಲಸ. ತಿಂಗಳ ಮೊದಲ ಸೋಮವಾರ ಏಜೆನ್ಸಿಗೆ ಫೋನ್ ಮಾಡಿ, ಯಾರ ಜೊತೆ ಮಾತಾಡಿದೆ, ಏನಂದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಜಗಳ ಆಡಲಿಲ್ಲ. ಆದರೆ 'ಮಾರ್ಚ್ 5ರಂದು ನೀವೇ ಹೀಗಂದಿರಿ' ಅನ್ನೋಕೆ ಆ ನೋಟ್‌ಬುಕ್ಕು ಬೇಕಾಯಿತು. ಎರಡನೆಯದು, ಇಲ್ಲಿನ ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಪಾಠ. ಮಕ್ಕಳ ಜೊತೆ ಒಡನಾಟ ಇದೆಯಾ ಅಂತ ಅವರು ಕೇಳೇ ಕೇಳುತ್ತಾರೆ ಅಂತ ಹೋದೆ. ಆರು ವರ್ಷದ ಹುಡುಗನೊಬ್ಬ 'ಳ' ಬರೆಯೋಕೆ ಬರಲ್ಲ ಅಂತ ಮೇಜಿನ ಕೆಳಗೆ ಹೋಗಿ ಕೂತಾಗ ಗೊತ್ತಾಯಿತು, ನನಗೆ ಏನೇನೂ ಗೊತ್ತಿಲ್ಲ ಅಂತ.

ಆಕೆ ಒಟ್ಟು ಎಂಟು ಸಲ ಬಂದರು. ಮೊದಲ ದಿನ ಮನೆಯೆಲ್ಲ ಸುತ್ತಿ ಹೊಗೆ ಅಲಾರಂ ಒತ್ತಿ ನೋಡಿದರು, ಮೆಟ್ಟಿಲಿನ ಕಂಬಿ ಅಲ್ಲಾಡಿಸಿದರು. ದೇವರ ಮೂಲೆಯ ದೀಪ ಮಗುವಿನ ಕೈಗೆ ಎಟಕುತ್ತಲ್ಲ ಅಂದರು. ಮಾರನೇ ದಿನವೇ ದೇವರು ಒಂದು ಗೂಡು ಮೇಲಕ್ಕೆ ಹೋದ. ಇವೆಲ್ಲ ಸುಲಭ. ಕಷ್ಟದ್ದು ಮಾತು. ಐವಿಎಫ್ ಮೂರು ಸಲ ವಿಫಲವಾದದ್ದು, ಅದಾದ ಮೇಲೆ ನಾವಿಬ್ಬರು ಎಷ್ಟು ದಿನ ಮಾತು ಬಿಟ್ಟಿದ್ದೆವು, ಚಿಕ್ಕವರಿದ್ದಾಗ ನಮಗೆ ಯಾರು ಹೊಡೆಯುತ್ತಿದ್ದರು, ಯಾವುದರಿಂದ ಹೊಡೆಯುತ್ತಿದ್ದರು. "ಕಡುಬಿನ ಸೌಟಿನಿಂದ" ಅಂತ ನನ್ನ ಗಂಡ ಹೇಳಿ, ಸೌಟು ಅಂದರೇನು ಅಂತ ತೋರಿಸೋಕೆ ಅಡುಗೆಮನೆಯಿಂದ ಒಂದನ್ನು ತಂದರು. ಆಕೆ ಅದನ್ನು ಕೈಯಲ್ಲಿ ತೂಗಿ ನೋಡಿ ಏನೋ ಬರೆದುಕೊಂಡರು. ಆ ರಾತ್ರಿ ನಮಗೆ ನಿದ್ದೆ ಇಲ್ಲ, ಸೌಟಿನಿಂದ ಫೈಲು ಕೆಟ್ಟಿತಲ್ಲ ಅಂತ. ಆಮೇಲೆ ವರದಿ ಓದಿದಾಗ ಅದರಲ್ಲಿ 'ಪ್ರಾಮಾಣಿಕವಾಗಿ ಮಾತಾಡುತ್ತಾರೆ' ಅಂತಿತ್ತು.

ಊರಿನ ಹಿರಿಯರ ಜೊತೆಯೂ ಮಾತಾಡಬೇಕು ಅಂದರು. ವಿಡಿಯೋ ಕಾಲ್‌ನಲ್ಲಿ ಅತ್ತೆ, ನಡುವೆ ನಾನು ದುಭಾಷಿ. ಮಗುವಿನ ಜಾತಿ, ಕುಲ ಯಾವತ್ತೂ ಗೊತ್ತಾಗದೇ ಇರಬಹುದು, ನಿಮಗೆ ಅದು ಹೇಗನ್ನಿಸುತ್ತೆ ಅಂತ ಪ್ರಶ್ನೆ. ನನ್ನ ಎದೆ ಢವಢವ. ಆರು ತಿಂಗಳ ಹಿಂದೆ ಇದೇ ಅತ್ತೆ "ಮಗು ಯಾರ ಪೈಕಿ ಅಂತ ಏನಾದ್ರೂ ಹೇಳ್ತಾರಾ?" ಅಂತ ನನ್ನನ್ನು ಕೇಳಿದ್ದರು. ಈಗ ಸ್ವಲ್ಪ ಹೊತ್ತು ಸೆರಗು ಸರಿಮಾಡಿಕೊಂಡು, "ಮೊದ್ಲು ಮಗು ಬರ್ಲಿ ಅಂತ ಹೇಳಮ್ಮ ಅವ್ರಿಗೆ. ಎರಡು ವರ್ಷದಿಂದ ಬರೀ ಪ್ರಶ್ನೆ ಕೇಳ್ತಾನೇ ಇದಾರೆ" ಅಂದರು. ನಾನು ಅದನ್ನು ಇದ್ದಂಗೇ ಇಂಗ್ಲಿಷಿಗೆ ಹೇಳಿದೆ. ಆಕೆ ನಕ್ಕರು. ಕಾಯಿಸಿದ್ದಕ್ಕೆ ಏಜೆನ್ಸಿಯ ಕಡೆಯಿಂದ ನಾವು ಕೇಳಿದ ಒಂದೇ ಒಂದು ಕ್ಷಮೆ ಅವತ್ತು ಅತ್ತೆಗೆ ಸಿಕ್ಕಿತು.

ಐದನೇ ಭೇಟಿಯಲ್ಲಿ ಒಂದು ಪ್ರಶ್ನೆ ಬಂತು. "ಮಗು ಐದು ವರ್ಷದ್ದಾದರೆ?" ನಾವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಎರಡು, ಹೆಚ್ಚೆಂದರೆ ಮೂರು ವರ್ಷದ ಮಗು. ತೊಟ್ಟಿಲು ಬೇಡ, ಅಂಬೆಗಾಲಾದರೂ ನೋಡಬೇಕು ಅನ್ನೋ ಆಸೆ. ತಕ್ಷಣ ಉತ್ತರ ಕೊಡಬೇಡಿ ಅಂದರು. ಮೂರು ವಾರ ಬಿಟ್ಟು ಮತ್ತೆ ಕೇಳಿದಾಗ ನನ್ನ ಗಂಡ ಹೂಂ ಅಂದರು, ನಾನು ಒಲ್ಲದ ಮನಸ್ಸಿನಿಂದ ಹೂಂ ಅಂದೆ. ಒಲ್ಲದ ಮನಸ್ಸು ಅಂತಲೂ ಹೇಳಿದೆ. ಆಕೆ ವರದಿಯಲ್ಲಿ ಆರು ವರ್ಷದವರೆಗಿನ ಒಂದು ಮಗು ಅಂತ ಬರೆದರು. ಸೆಪ್ಟೆಂಬರಿನ ಪ್ಯಾನೆಲ್ ಅದನ್ನೇ ಒಪ್ಪಿತು.

ಪ್ಯಾನೆಲ್ ಆದಮೇಲೆ ಎಲ್ಲ ಮುಗಿಯಿತು ಅಂದುಕೊಂಡರೆ, ಮತ್ತೆ ಮೊಸರಿನ ಕಾಟ. ಮೊದಲ ಹಂತದಲ್ಲಿ ಮಾಡಿಸಿದ್ದ ವೈದ್ಯಕೀಯ ವರದಿಗೆ ವರ್ಷ ದಾಟಿತ್ತು, ಹೊಸದಾಗಿ ಮಾಡಿಸಿ ಅಂದರು. ನಮ್ಮ ಕ್ಲಿನಿಕ್ಕಿನಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟು ಸಿಕ್ಕಿದ್ದು ಮೂರು ವಾರಕ್ಕೆ. ಆಮೇಲೆ ನೋಟರಿ, ಆಮೇಲೆ ಮಿಲ್ಟನ್ ಕೀನ್ಸ್‌ನ ಸರ್ಕಾರಿ ಕಚೇರಿಯಿಂದ, ಕಾಗದ ಅಸಲಿ ಅಂತ ಬೇರೆ ದೇಶದವರು ಒಪ್ಪುವ ಅಪೊಸ್ಟೀಲ್ ಮುದ್ರೆ, ಆಮೇಲೆ ಶಿಕ್ಷಣ ಇಲಾಖೆ. ಅಕ್ಟೋಬರ್ ಹೋಯಿತು. ನವೆಂಬರ್ 1 ಬಂತು. ಆಫೀಸಿನವರು ಕೇಕ್ ತಂದಿದ್ದರು, ತಿಂದೆ.

ಕಾರಾದ ಆಗಿನ ನಿಯಮದಲ್ಲಿ ದಂಪತಿಯ ವಯಸ್ಸನ್ನು ಕೂಡಿಸಿ ನೋಡುತ್ತಿದ್ದರು. ನಾಲ್ಕು ವರ್ಷದೊಳಗಿನ ಮಗುವಿಗೆ ಕೂಡಿದ ವಯಸ್ಸು 90 ದಾಟಬಾರದು. ನಾಲ್ಕರಿಂದ ಎಂಟರವರೆಗಿನ ಮಗುವಿಗೆ 100. ಎಣಿಸುವುದು ನೋಂದಣಿಯ ದಿನಕ್ಕೆ. ಮೊದಲ ಫೋನ್ ಮಾಡಿದ ದಿನ ನನಗೆ 41, ಅವರಿಗೆ 44, ಒಟ್ಟು 85. ಇನ್ನೂ ಐದು ವರ್ಷ ಕೈಯಲ್ಲಿದೆ ಅಂತ ಲೆಕ್ಕ ಹಾಕಿದ್ದು ನಾನು, ಲೆಕ್ಕದಲ್ಲಿ ಅಚ್ಚುಕಟ್ಟಾದ ನನ್ನ ಗಂಡನೂ ತಪ್ಪು ಹಿಡಿಯಲಿಲ್ಲ. ಗಂಡ ಹೆಂಡತಿಗೆ ವರ್ಷಕ್ಕೆ ಎರಡು ವರ್ಷ ವಯಸ್ಸಾಗುತ್ತೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಅಕ್ಟೋಬರ್ 31ಕ್ಕೆ ನಾವು 90. ಫೈಲು ಏರಿದ ಡಿಸೆಂಬರ್ ಮೊದಲ ವಾರಕ್ಕೆ 91. ನಿಜವಾದ ಯುಗಾದಿಯ ಲೆಕ್ಕ ಹಿಡಿದರೆ 90ರಲ್ಲೇ ಇರುತ್ತಿದ್ದೆ. ಆದರೆ ನವೆಂಬರ್ 1ನ್ನು ಕೋರ್ಟಿನಲ್ಲಿ ಅರ್ಜಿ ಹಾಕಿ ಗಟ್ಟಿ ಮಾಡಿಕೊಂಡು ಬಂದವಳು ನಾನೇ ತಾನೇ?

2022ರಿಂದ ಈ ನಿಯಮ ಇನ್ನೂ ಬಿಗಿಯಾಗಿದೆ, ಎರಡು ವರ್ಷದೊಳಗಿನ ಮಗು ಬೇಕಾದರೆ ಕೂಡಿದ ವಯಸ್ಸು 85ರೊಳಗಿರಬೇಕು. ಹಾಗಾಗಿ ಫೋನ್ ಮಾಡಿದವರಿಗೆ ಮೊದಲು ನಿಮ್ಮಿಬ್ಬರ ವಯಸ್ಸು ಕೂಡಿಸಿ ಹೇಳಿ ಅನ್ನುತ್ತೇನೆ. ಕೆಲವರಿಗೆ ಒಂಥರಾ ಆಗುತ್ತೆ. ಆಗಲಿ.

91 ಆಗಿದೆ ಅಂತ ಗೊತ್ತಾದ ರಾತ್ರಿ ಅತ್ತಿದ್ದು ನಿಜ. ಆದರೆ ಫೈಲು ವಾಪಸ್ ಬರಲಿಲ್ಲ. ಐದನೇ ಭೇಟಿಯ ಆ ಪ್ರಶ್ನೆಯಿಂದಾಗಿ ನಮ್ಮ ವರದಿಯಲ್ಲಿ ಆರು ವರ್ಷದವರೆಗೆ ಅಂತಿತ್ತು. ಬರೀ ನಾಲ್ಕರೊಳಗೆ ಅಂತಿದ್ದರೆ ಮತ್ತೆ ಅಸೆಸ್‌ಮೆಂಟು, ಮತ್ತೆ ಪ್ಯಾನೆಲ್.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ದೊಡ್ಡ ಮಕ್ಕಳಿಗೆ ಕೇಳುವವರು ಕಡಿಮೆ, ಸರತಿ ಚಿಕ್ಕದು. 2019ರ ಜೂನಿನಲ್ಲಿ ಐದು ವರ್ಷದ ಹುಡುಗಿಯ ವಿವರ ಬಂತು. ಹೂಂ ಅನ್ನೋಕೆ 96 ಗಂಟೆ, ವೈದ್ಯಕೀಯ ವರದಿ ಓದಿ ಸಹಿ ಹಾಕೋಕೆ 30 ದಿನ. 34 ತಿಂಗಳು ಕಾದವರಿಗೆ 96 ಗಂಟೆ ಅಂದಾಗ ನಗು ಬಂತು. ನಾವು ಎರಡು ಗಂಟೆಯಲ್ಲೇ ಒತ್ತಿದೆವು. ಕೋರ್ಟು, ಪಾಸ್‌ಪೋರ್ಟು, ವೀಸಾ ಎಲ್ಲ ಮುಗಿಸಿ 2020ರ ಜನವರಿಯಲ್ಲಿ ಮನೆಗೆ ಬಂದಳು. ಚಿಕ್ಕಮ್ಮನ ಮಗಳ ಮನೆಗೆ ಅಷ್ಟರಲ್ಲಿ ಪುಟ್ಟ ಗಂಡುಮಗು ಬಂದಿತ್ತು.

ಮಗು ಬಂದ ಮೇಲೂ ಎರಡು ವರ್ಷ ಕಾರಾಗೆ ವರದಿ ಹೋಗಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಮೊದಲನೆಯದಕ್ಕೆ ಮಾರ್ಚ್ ಮೊದಲ ವಾರ ಅದೇ ಸೋಷಿಯಲ್ ವರ್ಕರ್ ಬಂದರು, ಅದೇ ಕಪ್ಪು ಡೈರಿ ಹಿಡಿದು. ಮಗಳು ಬಾಗಿಲಲ್ಲೇ ನಿಂತು ಅವರ ಶೂ ಬಿಚ್ಚಿಸಿದಳು. ಆಕೆ ಹಾಸಿಗೆ ಎಲ್ಲಿ, ಆಟದ ಸಾಮಾನು ಎಲ್ಲಿ ಅಂತ ಕೇಳಿದ್ದಕ್ಕೆಲ್ಲ ಕೈಹಿಡಿದು ಕರೆದೊಯ್ದು ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇವ್ರ ಮನೆ ನೋಡೋಕೆ ನಾವು ಯಾವಾಗ ಹೋಗೋದು?" ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಡೈರಿ ತೆಗೆದು ತಾರೀಕು ಹುಡುಕತೊಡಗಿದರು.